ಫೇಲಾದ ಮೇಲೆ ಮೊದಲು ಊಟ, ಆಮೇಲೆ ಉತ್ತರಪತ್ರಿಕೆ

ಪ್ರಶ್ನೆ: ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಫೇಲಾಗಿವೆ. ದಿನಾ ಜಪಸರ ಹೇಳಿದ್ದೆ. ಪರೀಕ್ಷೆಗೆ ಮುಂಚೆ ಪಾಪನಿವೇದನೆಯನ್ನೂ ಮಾಡಿದ್ದೆ. ಆದರೂ ದೇವರು ಕೈಬಿಟ್ಟರು. ಇದು ಯಾವ ಪಾಪಕ್ಕೆ ಶಿಕ್ಷೆ? ಭಾನುವಾರ ಇಗರ್ಜಿಗೆ ಹೋಗಲು ಮುಖವಿಲ್ಲ. ಊಟ ಸೇರುವುದಿಲ್ಲ, ರಾತ್ರಿ ನಿದ್ದೆಯೂ ಇಲ್ಲ.
– ಒಬ್ಬ ವಿದ್ಯಾರ್ಥಿ, ಬ್ರಹ್ಮಾವರ

ಉತ್ತರ: ಪತ್ರದ ಕೊನೆಯ ಸಾಲಿಗೇ ಮೊದಲ ಉತ್ತರ. ಬೈಬಲಿನಲ್ಲಿ ಅರಸುಗಳು ಮೊದಲನೆಯ ಗ್ರಂಥದ 19ನೇ ಅಧ್ಯಾಯ ತೆಗೆಯಿರಿ. ಪ್ರವಾದಿ ಎಲೀಯ ಸೋತು ಓಡಿಬಂದು ಗಿಡವೊಂದರ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಎನ್ನುತ್ತಾನೆ. ದೂತ ಬಂದವನು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟ. ತಿಂದು ಮಲಗಿದವನನ್ನು ಮತ್ತೆ ಎಬ್ಬಿಸಿ ಮತ್ತೆ ಉಣ್ಣಿಸಿದ. "ಇಲ್ಲೇನು ಮಾಡುತ್ತಿದ್ದೀಯ?" ಎಂಬ ಪ್ರಶ್ನೆ ಬಂದದ್ದು 40 ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ಆದ್ದರಿಂದ ಇವತ್ತು ಒಂದು ಬಟ್ಟಲು ಗಂಜಿಯನ್ನಾದರೂ ಉಣ್ಣಿ. ಹತ್ತೂವರೆಗೆ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟು ಮಲಗಿ. ಎಲೀಯನಂತೆ ಸಾಯುವ ಯೋಚನೆ ನಿಮಗೂ ಬಂದಿದ್ದರೆ ಪತ್ರಿಕೆಯ ಉತ್ತರಕ್ಕೆ ಕಾಯಬೇಡಿ; ಈ ರಾತ್ರಿಯೇ ಮನೆಯವರೊಬ್ಬರಿಗೆ ಬಾಯಿಬಿಟ್ಟು ಹೇಳಿ, ಅಥವಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದಕ್ಕೆ ಹಣ ಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪಾಪದ ಲೆಕ್ಕವನ್ನು ಶಿಷ್ಯರೂ ಹಾಕಿದ್ದರು. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಯೋ ಎಂದು ಕೇಳಿದರು. ಯೇಸುಸ್ವಾಮಿ ಎರಡನ್ನೂ ಒಪ್ಪಲಿಲ್ಲ (ಯೊವಾನ್ನ 9:3). ನಿಮ್ಮ ಅಂಕಪಟ್ಟಿ ಹೇಳುವುದು ಎರಡು ವಿಷಯಗಳಲ್ಲಿ ಬರೆದದ್ದು ಸಾಲಲಿಲ್ಲ ಎಂದು, ಅಷ್ಟೇ. ಜಪಸರ ವ್ಯರ್ಥವಾಯಿತು ಎಂದಲ್ಲ, ಆದರೆ ಅದು ಭೌತಶಾಸ್ತ್ರದ ಲೆನ್ಸ್ ಮೇಕರ್ ಸೂತ್ರವನ್ನು ಬರೆದುಕೊಡುವುದೂ ಇಲ್ಲ. ವಿದ್ಯಾರ್ಥಿಗಳು ಮೊರೆಹೋಗುವ ಕುಪರ್ತಿನೋದ ಸಂತ ಜೋಸೆಫರು (1603–1663) ಓದಿನಲ್ಲಿ ಬಹಳ ಹಿಂದೆ. ಅವರಿಗೆ ಚೆನ್ನಾಗಿ ಗೊತ್ತಿದ್ದ ಒಂದೇ ವಾಕ್ಯವನ್ನು ಪರೀಕ್ಷೆಯಲ್ಲಿ ಕೇಳಿದರೆಂಬ ಪ್ರತೀತಿ ಇದೆ. ಆ ಒಂದನ್ನಾದರೂ ಓದಿಕೊಂಡಿದ್ದರಲ್ಲ! ಇನ್ನು ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವೆನೆಂದು ದೇವರು ಹೇಳುವ ಯೆರೆಮೀಯ 29:11 ಹಲವರ ಪೆನ್ಸಿಲ್ ಬಾಕ್ಸಿನಲ್ಲಿರುತ್ತದೆ. ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಕಾಗದದ ಮಾತು; ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕೆಂದಿದೆ, ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ ಎಂದೂ ಅದೇ ಕಾಗದದಲ್ಲಿದೆ. (ವಚನವನ್ನು ಹಾಲ್ ಟಿಕೆಟ್ ಹಿಂದೆ ಮಾತ್ರ ಬರೆಯಬೇಡಿ. ಪರಿವೀಕ್ಷಕರು ಕಾಪಿ ಎಂದುಕೊಂಡಾರು.)

ಈಗ ನಿಮ್ಮ ತೋಟದ ಕೆಲಸ. 2024ರಿಂದ ಪೂರಕ ಪರೀಕ್ಷೆಯ ಬದಲು ‘ಪರೀಕ್ಷೆ-2’ ಇದೆ. ಎರಡರಲ್ಲಿ ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಫಲಿತಾಂಶಕ್ಕೂ ಅದಕ್ಕೂ ನಡುವೆ ಸಿಗುವುದು ಎರಡು-ಮೂರು ವಾರ. ನಾಳೆಯೇ ಕಾಲೇಜಿಗೆ ಹೋಗಿ ಹೆಸರು ನೋಂದಾಯಿಸಿ. ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಅರ್ಜಿ ಹಾಕಿ. ಸ್ಕ್ಯಾನ್ ಪ್ರತಿ ಪಡೆಯದವರಿಗೆ ಮರುಮೌಲ್ಯಮಾಪನ ಕೇಳುವ ಅವಕಾಶವಿಲ್ಲ, ಕೊನೆಯ ದಿನವೂ ಬೇಗ ಮುಗಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಒಂದು ವಾರ ಅಳುತ್ತಾರೆ, ದಿನಾಂಕ ದಾಟಿದ ಮೇಲೆ ವಿಚಾರಿಸುತ್ತಾರೆ.

ಪ್ರತಿ ಕೈಗೆ ಬಂದಾಗ ಕಳೆದುಹೋದ ಒಂದೊಂದು ಅಂಕದ ಪಕ್ಕದಲ್ಲೂ ಕಾರಣ ಬರೆಯಿರಿ. ಗೊತ್ತೇ ಇರಲಿಲ್ಲವೋ, ಗೊತ್ತಿದ್ದೂ ಸಮಯ ಸಾಲಲಿಲ್ಲವೋ, ಏಕಮಾನ ಬಿಟ್ಟದ್ದೋ, ಚಿತ್ರಕ್ಕೆ ಹೆಸರು ಗುರುತಿಸದೆ ಹೋದದ್ದೋ. ಕೊನೆಯ ಎರಡರಿಂದ ಹೋದ ಅಂಕಗಳನ್ನು ಕೂಡಿ ನೋಡಿ. ಅವನ್ನು ವಾಪಸು ಪಡೆಯಲು ಹೊಸ ಪಾಠ ಓದಬೇಕಾಗಿಲ್ಲ.

ಓದುವ ಕ್ರಮವನ್ನೂ ಬದಲಿಸಿ. ಅದೇ ಪುಟವನ್ನು ಐದು ಸಲ ಓದಿದರೆ ಪುಟದ ಪರಿಚಯವಾಗುತ್ತದೆ. ಬರುತ್ತದೆ ಎಂದು ಮನಸ್ಸು ನಂಬಿಬಿಡುತ್ತದೆ, ಪುಸ್ತಕವಿಲ್ಲದ ಕೋಣೆಯಲ್ಲಿ ಕೈ ಓಡುವುದಿಲ್ಲ. ಭೌತಶಾಸ್ತ್ರದ ವೀಟ್‌ಸ್ಟನ್ ಬ್ರಿಡ್ಜನ್ನು ಒಮ್ಮೆ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಸಾಧಿಸಿ. ನಿಂತ ಜಾಗಕ್ಕೆ ಕೆಂಪು ಗುರುತು ಹಾಕಿ, ಪುಸ್ತಕ ತೆರೆದು ಆ ಸಾಲನ್ನು ಮಾತ್ರ ನೋಡಿ. ಮರುದಿನ, ಮೂರನೇ ದಿನ, ಏಳನೇ ದಿನ ಅದನ್ನೇ ಪುನಃ ಬರೆಯಿರಿ. 45 ನಿಮಿಷ ಕೂತರೆ 10 ನಿಮಿಷ ಏಳಿ. ಗಣಿತದಲ್ಲಿ ಮ್ಯಾಟ್ರಿಕ್ಸ್, ಎಲ್‌ಪಿಪಿ (ಲೀನಿಯರ್ ಪ್ರೋಗ್ರಾಮಿಂಗ್) ಪಾಠಗಳಿಂದ ತೊಡಗಿ. ಹಂತ ತಪ್ಪದಿದ್ದರೆ ಅಂಕ ಕೊಡುವ ಪಾಠಗಳು ಅವು. ಇಂಟಿಗ್ರೇಷನ್ ಆಮೇಲೆ. ಕೊನೆಯ ನಾಲ್ಕು ದಿನ ಹಳೆಯ ಪ್ರಶ್ನೆಪತ್ರಿಕೆಗಳು, ಗಡಿಯಾರ ಎದುರಿಗಿಟ್ಟುಕೊಂಡು.

ಪ್ರಾರ್ಥನೆಗೆ ಬೆಳಿಗ್ಗೆ 10 ನಿಮಿಷ ಸಾಕು. 13ನೇ ಕೀರ್ತನೆ ಓದಿ, ಮೊದಲ ಎರಡೇ ವಚನಗಳಲ್ಲಿ ನಾಲ್ಕು ಸಲ "ಎಲ್ಲಿಯ ತನಕ?" ಎಂಬ ದೂರು ಬರುತ್ತದೆ. ದೇವರೊಡನೆ ಹಾಗೆ ಮಾತಾಡಬಹುದು.

ಇಗರ್ಜಿಗೆ ಹೋಗಿ. ಬಲಿಪೂಜೆ ಮುಗಿದು ಅಂಗಳದಲ್ಲಿ ಕೇಳುವವರು ಕೇಳಿಯೇ ಕೇಳುತ್ತಾರೆ. "ಎರಡು ಸಬ್ಜೆಕ್ಟ್ ಉಳಿದಿವೆ ಆಂಟಿ, ಪರೀಕ್ಷೆ-2 ಕಟ್ಟಿದ್ದೇನೆ" ಎಂದು ಹೇಳಿ ಮುಂದೆ ನಡೆಯಿರಿ. ವಿವರಣೆ ಕೊಡುತ್ತಾ ನಿಲ್ಲಬೇಡಿ. ಪರೀಕ್ಷೆಗೆ ಅದೇ ಕೋಣೆಯಲ್ಲಿ ಕೂರಲು ಭಯವಾದರೆ ಯೇಸುವಿನ ಶಿಷ್ಯ ಪೇತ್ರನನ್ನು ನೆನೆಯಿರಿ. ಅವನು ಯೇಸುವನ್ನು ಅರಿಯೆನೆಂದದ್ದು ಇದ್ದಲಿನ ಬೆಂಕಿಯ ಹತ್ತಿರ (ಯೊವಾನ್ನ 18:18). ಪುನರುತ್ಥಾನದ ನಂತರ ದಡದಲ್ಲಿ ಯೇಸು ಮೀನು ಸುಟ್ಟದ್ದೂ ಇದ್ದಲಿನ ಬೆಂಕಿಯಲ್ಲೇ (21:9). ಮೂಲ ಗ್ರೀಕಿನ ಆ ಪದ ಹೊಸ ಒಡಂಬಡಿಕೆಯಲ್ಲಿ ಇರುವುದು ಈ ಎರಡು ಕಡೆ ಮಾತ್ರ. ಮೂರು ಸಲ ತಪ್ಪಿದವನನ್ನು ಅಂಥದೇ ಬೆಂಕಿಯ ಮುಂದೆ ‘ನನ್ನನ್ನು ಪ್ರೀತಿಸುತ್ತೀಯಾ?’ ಎಂದು ಮೂರು ಸಲ ಕೇಳಲಾಯಿತು, ಅದೂ ತಿಂಡಿ ಕೊಟ್ಟ ಮೇಲೆ.

ಪ್ರಶ್ನೆ: ಮಗ ಪಾಸಾದರೆ ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರಿಗೆ ಅವನ ಕೈಯಲ್ಲಿ ಮೇಣದಬತ್ತಿ ಹಚ್ಚಿಸುವ ಹರಕೆ ಹೊತ್ತಿದ್ದೆ. ಫೇಲಾದ. ಹರಕೆ ತೀರಿಸದಿದ್ದರೆ ದೋಷವೇ?
– ಒಬ್ಬ ತಾಯಿ, ಮಂಗಳೂರು

ಉತ್ತರ: ಇಲ್ಲ. 1983ರ ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 1194ನೇ ವಿಧಿಯಂತೆ, ಷರತ್ತಿನ ಹರಕೆ ಷರತ್ತು ನೆರವೇರದಿದ್ದರೆ ಅಲ್ಲಿಗೇ ಮುಗಿಯುತ್ತದೆ. 1193ನೇ ವಿಧಿಯಂತೆ ಹರಕೆ ಹೊತ್ತವರನ್ನು ಮಾತ್ರ ಕಟ್ಟುತ್ತದೆ, ಮಗನನ್ನಲ್ಲ. ಕಾರ್ಕಳಕ್ಕೆ ಹೋಗಬೇಕೆನಿಸಿದರೆ ಹೋಗಿಬನ್ನಿ, ಮೇಣದಬತ್ತಿಯನ್ನೂ ಹಚ್ಚಿ. ಪರೀಕ್ಷೆ-2 ಮುಗಿಯುವ ತನಕ ಮಗನನ್ನು ಮಾತ್ರ ಬಸ್ಸು ಹತ್ತಿಸಬೇಡಿ.