.270 ಇರಲಿ, .300 ಇರಲಿ, ಮೊದಲು ಒಂದು ಗಜ ಕೊಂಡುಕೊಳ್ಳಿ

ಊರು ದಾವಣಗೆರೆ, ಕೆಲಸ ಅಮೆರಿಕದ ಕೊಲೊರಾಡೊ ರಾಜ್ಯದ ಡೆನ್ವರ್‌ನಲ್ಲಿ, ಕಚೇರಿಯವರು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಕರೆಯುತ್ತಿದ್ದಾರೆ; ರೈಫಲ್‌ಗಳಲ್ಲಿ .270 ವಿಂಚೆಸ್ಟರ್ ಕೊಳ್ಳಲೋ, .30-06 ಕೊಳ್ಳಲೋ, .300 ವಿಂಚೆಸ್ಟರ್ ಮ್ಯಾಗ್ನಮ್ ಕೊಳ್ಳಲೋ, ತೋಟಾಗಳನ್ನು ಮನೆಯಲ್ಲೇ ತುಂಬಿಸಿಕೊಂಡರೆ ಹಣ ಉಳಿಯುತ್ತದೆಯೋ ಎಂದು ಕೇಳಿದ್ದೀರಿ. ಓದಿದಾಗ, ಇದನ್ನು ನಾನೇ ಹಿಂದೊಮ್ಮೆ ಬರೆದು ಮರೆತಿದ್ದೆನೇನೋ ಎನಿಸಿತು. ನಾನೂ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಕೊಲೊರಾಡೊಗೆ ಹೋದವನು. 2009ರಿಂದ 2019ರವರೆಗೆ ಅಲ್ಲಿದ್ದೆ. ಈಗ ಪಿ.ಜೆ. ಬಡಾವಣೆಯ ಮನೆಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಕೋವಿ ನನಗೆ ಹೊಸದಾಗಿರಲಿಲ್ಲ. ಹೊಳಲ್ಕೆರೆ ಕಡೆಯ ಹಳ್ಳಿಯಲ್ಲಿರುವ ನನ್ನ ಸೋದರಮಾವನ ಬಳಿ ಬೆಳೆ ರಕ್ಷಣೆಯ ಪರವಾನಗಿಯ ಒಂಟಿ ನಳಿಗೆಯ ಕೇಪಿನ ಕೋವಿ ಇತ್ತು. ಮೆಕ್ಕೆಜೋಳಕ್ಕೆ ಹಂದಿ ಬೀಳುವ ಕಾಲದಲ್ಲಿ ಅಟ್ಟಣೆ ಹತ್ತಿ ಕೂರುತ್ತಿದ್ದರು. ಅವರು ಹಂದಿಗಿಂತ ಆಕಾಶಕ್ಕೆ ಹೊಡೆದದ್ದೇ ಹೆಚ್ಚು. ಸದ್ದಿಗೆ ಹಿಂಡು ಓಡಿದರೆ ಅವರಿಗೆ ಅಷ್ಟೇ ಸಾಕಿತ್ತು. ಚುನಾವಣೆ ಬಂದರೆ ಕೋವಿ ಪೊಲೀಸ್ ಠಾಣೆಗೆ ಹೋಗುತ್ತಿತ್ತು, ಮಾವ ತಗಡಿನ ಡಬ್ಬ ಬಡಿಯುತ್ತಿದ್ದರು. ಅವರು ಈಡು ತುಂಬುವುದನ್ನು ನೋಡಿಯೇ ನಾನು ಬೆಳೆದದ್ದು. ಮದ್ದು ಸುರಿದು, ತೆಂಗಿನ ನಾರಿನ ಉಂಡೆಯನ್ನು ಗಜದಿಂದ ಜಡಿದು, ಚರೆ ಹಾಕಿ, ಮತ್ತೆ ನಾರು ಜಡಿಯುತ್ತಿದ್ದರು. ಆದರೆ ಇದಕ್ಕೆಲ್ಲ ಮೊದಲು ಗಜವನ್ನು ಖಾಲಿ ನಳಿಗೆಯೊಳಗೆ ಇಳಿಬಿಟ್ಟು ನೋಡುತ್ತಿದ್ದರು. ಗಜ ಎಂದರೆ ಅಳತೆಯ ಗಜವಲ್ಲ, ಕೋವಿಯ ಕೆಳಗೆ ಸಿಕ್ಕಿಸಿರುವ ಉದ್ದನೆಯ ಸರಳು. ನಳಿಗೆ ಖಾಲಿ ಇದ್ದರೆ ಗಜದ ತುದಿ ಬಾಯಿಗೆ ಸಮನಾಗಿ ನಿಲ್ಲುತ್ತದೆ. ಈಡು ಇದ್ದರೆ ನಾಲ್ಕು ಬೆರಳು ಮೇಲೆ ನಿಲ್ಲುತ್ತದೆ. ತಾವೇ ಖಾಲಿ ಮಾಡಿಟ್ಟ ಕೋವಿಯನ್ನೂ ಅವರು ಪ್ರತಿ ಸಲ ಹೀಗೆ ನೋಡಿಯೇ ಮುಟ್ಟುತ್ತಿದ್ದರು.

ಅಮೆರಿಕದಲ್ಲಿ ಅದೆಲ್ಲ ಹಳ್ಳಿಯ ವಿದ್ಯೆ ಎನಿಸಿತು. 2012ರಲ್ಲಿ ರೈಫಲ್ ಕೊಳ್ಳಲು ಹೊರಟವನು ನಿಮ್ಮ ಹಾಗೆಯೇ ಮೂರು ತಿಂಗಳು ಕೋಷ್ಟಕ ಬರೆದೆ. 1925ರ .270 ನೇರ ಹಾರುತ್ತದೆ, 1906ರ .30-06 ಭಾರದ ಗುಂಡು ಹೊರುತ್ತದೆ, 1963ರ .300 ಎರಡನ್ನೂ ಮಾಡಿ ಭುಜ ಒಡೆಯುತ್ತದೆ. ವೇಗ ಇಷ್ಟು, ಶಕ್ತಿ ಇಷ್ಟು, ಮುನ್ನೂರು ಯಾರ್ಡ್‌ಗೆ ಇಳಿತ ಇಷ್ಟು ಎಂದು ಎಲ್ಲವನ್ನೂ ತುಂಬಿಸಿದೆ. ಕೊನೆಗೆ ಅಂಗಡಿಯವನು ರಿಯಾಯಿತಿ ಇಟ್ಟಿದ್ದ .30-06 ತಂದೆ. ಬೇಟೆಯ ಸುದ್ದಿ ಕೇಳಿದ ನನ್ನ ತಾಯಿ ಫೋನಿನಲ್ಲಿ, "ಕಾಡುಪ್ರಾಣಿ ಹೊಡೆಯುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇನಪ್ಪ, ಓದಿಸಿದ್ದು ಇದಕ್ಕಾ?" ಎಂದರು. ಆ ಪ್ರಶ್ನೆಗೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ.

ಮುಂದಿನ ವರ್ಷ ತೋಟಾ ತುಂಬಿಸುವ ಹುಚ್ಚು ಹಿಡಿಯಿತು. ಹೊಡೆದು ಖಾಲಿಯಾದ ಹಿತ್ತಾಳೆ ಕವಚವನ್ನು ಅಚ್ಚಿನಲ್ಲಿ ಒತ್ತಿ ಅಳತೆಗೆ ತರುವುದು, ಉದ್ದ ಬೆಳೆದಿದ್ದರೆ ಕತ್ತರಿಸುವುದು, ಮದ್ದಿಗೆ ಕಿಡಿ ಹಚ್ಚುವ ಹೊಸ ಪ್ರೈಮರ್ ಕೂರಿಸುವುದು, ಮದ್ದು ತೂಗಿ ಸುರಿಯುವುದು, ಕತ್ತಿನಲ್ಲಿ ಗುಂಡು ಕೂರಿಸುವುದು. ತೂಕವೆಲ್ಲ ಗ್ರೇನ್ ಲೆಕ್ಕದಲ್ಲಿ; ಒಂದು ಗ್ರಾಮಿಗೆ ಸುಮಾರು ಹದಿನೈದೂವರೆ ಗ್ರೇನ್. ಅಕ್ಕಸಾಲಿಗನ ಕೆಲಸ ಅದು, ಮನಸ್ಸಿಗೆ ಬಹಳ ಹಿತವಾದದ್ದು. ಸುಳ್ಳು ಹೇಳುವುದಿಲ್ಲ, ಆ ಹತ್ತು ವರ್ಷಗಳಲ್ಲಿ ನಾನು ಅತಿ ನೆಮ್ಮದಿಯಿಂದ ಇದ್ದದ್ದು ರಾತ್ರಿ ಊಟವಾದ ಮೇಲೆ ಗ್ಯಾರೇಜಿನ ಆ ಮೇಜಿನ ಮುಂದೆ. ಮದ್ದಿನ ಅಳತೆಯಲ್ಲಿ ಕೈಪಿಡಿಯ ಗೆರೆ ದಾಟಿದವನಲ್ಲ. ಕೈಪಿಡಿ ಕೊಟ್ಟ ಗರಿಷ್ಠಕ್ಕಿಂತ ಸಾಕಷ್ಟು ಕೆಳಗಿನಿಂದ ಆರಂಭಿಸಿ ನಿಧಾನವಾಗಿ ಮೇಲೆ ಹೋದೆ. ನಾನು ಎಡವಿದ್ದು ಉದ್ದದಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳಿ. ರೈಫಲ್‌ನಲ್ಲಿ ತೋಟಾ ಕೂರುವ ಚೇಂಬರ್ ಮುಗಿದ ಮೇಲೆ ಸ್ವಲ್ಪ ನುಣುಪಾದ ಜಾಗವಿದೆ. ಅದನ್ನು ದಾಟಿದರೆ ಗುಂಡನ್ನು ತಿರುಗಿಸುವ ಸುರುಳಿ ಏಣುಗಳು ಶುರುವಾಗುತ್ತವೆ. ಕಾರ್ಖಾನೆಯ ತೋಟಾದಲ್ಲಿ ಗುಂಡು ಆ ಏಣುಗಳಿಂದ ಕೊಂಚ ಹಿಂದೆ ನಿಂತಿರುತ್ತದೆ. ಹೊಡೆದಾಗ ಸಣ್ಣದೊಂದು ಜಿಗಿತ ಜಿಗಿದು ಏಣುಗಳನ್ನು ಕಚ್ಚಿಕೊಳ್ಳುತ್ತದೆ. ಗುರಿ ಸ್ಪರ್ಧೆಗೆ ಹೋಗುವ ಕೆಲವರು ಆ ಜಿಗಿತವೇ ಬೇಡವೆಂದು ಗುಂಡನ್ನು ಮುಂದಕ್ಕೆ ಚಾಚಿ ಕೂರಿಸುತ್ತಾರೆ, ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಅಗುಳಿ) ಮುಚ್ಚಿದ ಕೂಡಲೇ ಏಣುಗಳಿಗೆ ತಾಗುವಂತೆ. ಒತ್ತಡ ಏರುತ್ತದೆ, ಅದನ್ನು ಲೆಕ್ಕ ಹಾಕಿಯೇ ಮಾಡುತ್ತಾರೆ. ನಾನೂ ಮಾಡಿದೆ. ನೂರು ಯಾರ್ಡ್‌ನಲ್ಲಿ ಒಂದೂಕಾಲು ಇಂಚು ಹರಡುತ್ತಿದ್ದ ಮೂರು ತೂತುಗಳು ಮುಕ್ಕಾಲು ಇಂಚಿಗೆ ಬಂದವು. ಆ ಕಾಗದವನ್ನು ಕಚೇರಿಯ ಮೇಜಿನ ಮೇಲೆ ಅಂಟಿಸಿಕೊಂಡಿದ್ದೆ.

ಅರ್ಧ ಇಂಚು ಉಳಿಸಿದ್ದಕ್ಕೆ ಈ ಸಂಭ್ರಮ. ಎಲ್ಕ್ ಎನ್ನುವುದು ನಮ್ಮ ಕಡವೆಯ ಕುಟುಂಬದ್ದೇ, ಅದಕ್ಕಿಂತ ದೊಡ್ಡದು. ಗಂಡು ಸುಲಭವಾಗಿ 300 ಕೆ.ಜಿ. ತೂಗುತ್ತದೆ. ಅದರ ಶ್ವಾಸಕೋಶದ ಜಾಗ ಊಟದ ತಟ್ಟೆಯಷ್ಟು ಅಗಲ. ತಟ್ಟೆಗೆ ಹೊಡೆಯುವವನು ಅರ್ಧ ಇಂಚಿಗಾಗಿ ವರ್ಷ ಕಳೆದಿದ್ದೆ.

ಇನ್ನೊಂದು ಸಂಗತಿ ನನ್ನ ತಲೆಗೆ ಹೊಳೆದಿರಲೇ ಇಲ್ಲ. ಗುರಿ ಅಭ್ಯಾಸದ ಮೈದಾನದಲ್ಲಿ ಒಳಗೆ ಹೋದ ಪ್ರತಿ ತೋಟಾವೂ ಹೊಡೆದೇ ಹೊರಗೆ ಬರುತ್ತದೆ. ಬೇಟೆಯಲ್ಲಿ ಹಾಗಲ್ಲ. ಬೆಳಿಗ್ಗೆ ತುಂಬಿದ್ದು ಸಂಜೆ ಹೊಡೆಯದೆಯೇ ಹೊರಗೆ ಬರಬೇಕು. ಐದು ದಿನದಲ್ಲಿ ನಾಲ್ಕು ದಿನ ಹೀಗೆಯೇ ಆಗುತ್ತದೆ. ಏಣುಗಳಿಗೆ ಸಿಕ್ಕಿಕೊಂಡ ಗುಂಡು ಹೊರಗೆ ಬರಲು ಒಪ್ಪದಿದ್ದರೆ? ಎರಡು ವರ್ಷದಲ್ಲಿ ನಾನು ತುಂಬಿಸಿದ ಒಂದೇ ಒಂದು ತೋಟಾವನ್ನೂ ಚೇಂಬರಿಗೆ ಹಾಕಿ, ಹೊಡೆಯದೆ, ಬೋಲ್ಟ್ ಹಿಂದಕ್ಕೆಳೆದು ನೋಡಿರಲಿಲ್ಲ. ಒಂದೇ ಒಂದನ್ನೂ. ಸಾಲದ್ದಕ್ಕೆ, ಅದೇ ಕವಚಗಳನ್ನು ಐದಾರು ಸಲ ಬಳಸಿದ್ದೆ. ಪದೇ ಪದೇ ಒತ್ತಿಸಿಕೊಂಡ ಹಿತ್ತಾಳೆ ಗಡಸಾಗಿ ಪುಟಿಯುತ್ತದೆ, ಕತ್ತಿನ ಹಿಡಿತ ಸಡಿಲವಾಗುತ್ತದೆ. ಮುಂದೆ ಏಣು ಬಿಗಿ ಹಿಡಿದಿದೆ, ಹಿಂದೆ ಕತ್ತು ಸಡಿಲ ಬಿಟ್ಟಿದೆ. ಗುಂಡು ಯಾರ ಕಡೆ ಉಳಿಯುತ್ತದೆ ಎನ್ನುವುದನ್ನು ಹಗ್ಗಜಗ್ಗಾಟ ಆಡಿದ ಮಗುವೂ ಹೇಳೀತು.

2014ರ ಅಕ್ಟೋಬರ್, ಸ್ಟೀಮ್‌ಬೋಟ್ ಸ್ಪ್ರಿಂಗ್ಸ್‌ನ ಉತ್ತರಕ್ಕೆ ರೌಟ್ ರಾಷ್ಟ್ರೀಯ ಅರಣ್ಯ. ಲಾಟರಿಯಲ್ಲಿ ಎದ್ದ ಪರವಾನಗಿ, ಐದೇ ದಿನದ ಅವಧಿ. ಜೊತೆಗೆ ನನ್ನ ಹಿರಿಯ ಸಹೋದ್ಯೋಗಿ; ಅವರ ಕೈಯಲ್ಲಿ ಮರದ ಹಿಡಿಯ ಬಣ್ಣವೆಲ್ಲ ಹೋದ ಹಳೆಯ .30-06, ಜೇಬಿನಲ್ಲಿ ಅಂಗಡಿಯಿಂದ ತಂದ 180 ಗ್ರೇನ್‌ನ ತೋಟಾ. ಮೂರನೆಯ ದಿನ ಸಂಜೆ ಏನೂ ಕಾಣದೆ ವಾಹನದ ಬಳಿ ಬಂದೆವು. ಚೇಂಬರಿನಲ್ಲಿ ತೋಟಾ ಇರುವ ರೈಫಲನ್ನು ವಾಹನದಲ್ಲಿ ಇಡುವುದು ಅಲ್ಲಿ ಕಾನೂನಿಗೆ ವಿರುದ್ಧ. ಬೋಲ್ಟ್ ಎಳೆದೆ. ಅದು ಎಂದಿಲ್ಲದ ಬಿಗಿ. ಇನ್ನಷ್ಟು ಜೋರಾಗಿ ಎಳೆದೆ. ಕವಚ ಕೈಗೆ ಬಂತು, ಬಾಯಿ ತೆರೆದುಕೊಂಡು, ಗುಂಡಿಲ್ಲದೆ. ಅದರ ಹೊಟ್ಟೆಯಲ್ಲಿದ್ದ ಮದ್ದು, ಮುರಿದ ಪೆನ್ಸಿಲ್ ಸೀಸದಂಥ ಕಪ್ಪು ಕಾಳುಗಳು, ಬೋಲ್ಟ್ ಓಡುವ ಜಾಗದೊಳಗೆ, ತೋಟಾ ಕೂರುವ ಮ್ಯಾಗಜಿನ್‌ನೊಳಗೆ, ಟ್ರಿಗರಿನ ಸಂದಿಯೊಳಗೆ ಸುರಿದವು. ಟಾರ್ಚ್ ಬಿಟ್ಟು ನೋಡಿದರೆ ನಳಿಗೆಯ ಬುಡದಲ್ಲಿ ಗುಂಡಿನ ಹಿಂಭಾಗ ತಾಮ್ರದ ಬಿಲ್ಲೆಯ ಹಾಗೆ ಹೊಳೆಯುತ್ತಿತ್ತು.

ಮುಂದಿನಿಂದ ಒಂದು ಸರಳು ತೂರಿಸಿ ತಟ್ಟಿದರೆ ಅರ್ಧ ನಿಮಿಷದ ಕೆಲಸ. ಸರಳು ಇರಲಿಲ್ಲ. ನನ್ನ ಬಳಿ ಇದ್ದದ್ದು ನಳಿಗೆ ಒರೆಸುವ ಹಗ್ಗ; ಅದನ್ನು ಎಳೆಯಬಹುದು, ಅದರಿಂದ ತಳ್ಳಲಾಗುವುದಿಲ್ಲ. ಪಕ್ಕದ ಗುಡಾರದವರ ಬಳಿಯೂ ಹಗ್ಗವೇ. ಅವರಲ್ಲೊಬ್ಬ, ಇನ್ನೊಂದು ತೋಟಾದ ಬಲದಿಂದ ಅದನ್ನು ಹಾರಿಸಿಬಿಡಬಹುದಲ್ಲ ಎಂದ. ನನ್ನ ಸಹೋದ್ಯೋಗಿ ಅವನ ಮುಖ ನೋಡಿ ರೈಫಲನ್ನು ನನ್ನ ಕೈಯಿಂದ ತೆಗೆದು ತಮ್ಮ ಹಾಸಿಗೆಯ ಪಕ್ಕ ಇಟ್ಟುಕೊಂಡರು. ಮುಚ್ಚಿದ ನಳಿಗೆಗೆ ಹಿಂದಿನಿಂದ ಹೊಡೆದರೆ ಒಡೆಯುವುದು ನಳಿಗೆ, ಹೋಗುವುದು ನಮ್ಮ ಕಣ್ಣು.

ಬೆಳಿಗ್ಗೆ ಅವರು ದಿಬ್ಬದ ಆಚೆ ಹೋದರು. ನಾನು ವಾಹನದ ಬಾನೆಟ್ ಮೇಲೆ ಟವೆಲ್ ಹಾಸಿ, ರೈಫಲ್ ಬಿಚ್ಚಿ, ಹಲ್ಲುಜ್ಜುವ ಬ್ರಷ್‌ನಿಂದ ಮದ್ದಿನ ಕಾಳು ತೆಗೆಯುತ್ತಿದ್ದೆ. ಕೊಂಬೆ ಮುರಿದ ಸದ್ದಿಗೆ ತಲೆ ಎತ್ತಿದರೆ ನಾಲ್ಕು ಹೆಣ್ಣು ಎಲ್ಕ್, ಹಿಂದೊಂದು ಗಂಡು, ನೂರು ಯಾರ್ಡ್ ಕೂಡ ಇಲ್ಲ. ಇಬ್ಬನಿಯಲ್ಲಿ ಅದರ ಉಸಿರು ಹೊಗೆಯಾಡುತ್ತಿತ್ತು. ನನ್ನ ಕೈಯಲ್ಲಿ ಬ್ರಷ್ ಇತ್ತು. ಅದು ನನ್ನನ್ನು ನೋಡಿತು, ತನಗೂ ನನಗೂ ಸಂಬಂಧವಿಲ್ಲವೆಂಬಂತೆ ನಡೆದು ಹೋಯಿತು. ಒಂದೂವರೆ ಗಂಟೆ ಗಾಡಿ ಓಡಿಸಿ ಪಟ್ಟಣಕ್ಕೆ ಹೋಗಿ ಸರಳು ತಂದೆವು. ಎರಡು ಸಲ ತಟ್ಟಿದ್ದಕ್ಕೆ ಗುಂಡು ಟಣ್ ಎಂದು ಬಿತ್ತು. ಉಳಿದ ಒಂದೂವರೆ ದಿನದಲ್ಲಿ ಕಾಲ್ನಡೆಯೊಂದೇ ಲಾಭ.

ರಜೆಗೆ ಬಂದಾಗ ಮಾವನಿಗೆ ಇದನ್ನೆಲ್ಲ ಹೇಳಿದೆ. ಏಣು, ಜಿಗಿತ, ಮುಕ್ಕಾಲು ಇಂಚು, ಎಲ್ಲವನ್ನೂ. ಅವರು ಅಡಿಕೆ ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡು, "ಗಜ ಇಲ್ಲದ ಕೋವೀನ ಕಾಡಿಗೆ ಯಾಕೆ ಒಯ್ದೆ?" ಎಂದರು.

ಈಗ ನಿಮ್ಮ ಪ್ರಶ್ನೆ. ಕ್ಯಾಲಿಬರ್, ಅಂದರೆ ಇಂಚಿನಲ್ಲಿ ಹೇಳುವ ನಳಿಗೆಯ ಒಳ ಅಗಲ, ಅದರ ಆಯ್ಕೆಯೇ ದೊಡ್ಡ ವಿಷಯ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕೊಲೊರಾಡೊ ಎಲ್ಕ್‌ಗೆ ಕೇಳುವುದು ಕನಿಷ್ಠ .24 ಕ್ಯಾಲಿಬರ್, ಕನಿಷ್ಠ 85 ಗ್ರೇನ್‌ನ, ತಗುಲಿದಾಗ ಅರಳುವ ಗುಂಡು, ನೂರು ಯಾರ್ಡ್‌ನಲ್ಲಿ 1,000 ಅಡಿ-ಪೌಂಡ್ ಶಕ್ತಿ. ನೀವು ಹೇಳಿದ ಮೂರೂ ಅದನ್ನು ಆರಾಮಾಗಿ ದಾಟುತ್ತವೆ. .300 ಮಾತ್ರ ಬೇಡ. ಒದೆತ .270ರ ಸುಮಾರು ಒಂದೂವರೆ ಪಟ್ಟು. ಹೊಸಬರು ಹತ್ತು ತೋಟಾ ಹೊಡೆಯುವಷ್ಟರಲ್ಲಿ ಕಣ್ಣು ಮುಚ್ಚಿ ಟ್ರಿಗರ್ ಎಳೆಯಲು ಕಲಿಯುತ್ತಾರೆ, ಆಮೇಲೆ ಆ ಚಾಳಿ ಬಿಡಿಸುವುದು ಕಷ್ಟ. ಉಳಿದೆರಡರಲ್ಲಿ ಭುಜಕ್ಕೆ ಹೊಂದುವುದನ್ನು, ಹತ್ತಿರದ ಅಂಗಡಿಯಲ್ಲಿ ತೋಟಾ ಸಿಗುವುದನ್ನು ತನ್ನಿ. ತಲೆ ಕೆಡಿಸಿಕೊಳ್ಳಬೇಕಾದದ್ದು ಗುಂಡಿನ ರಚನೆಯ ಬಗ್ಗೆ. 1946ರಲ್ಲಿ ಕೆನಡಾದಲ್ಲಿ ಮೂಸ್ ಎಂಬ ಭಾರಿ ಜಿಂಕೆಯ ಬೇಟೆಯಾಡುತ್ತಿದ್ದ ಜಾನ್ ನೋಸ್ಲರ್ ಅವರ ವೇಗದ ಗುಂಡುಗಳು ಒಳಗೆ ಇಳಿಯದೆ ಮೇಲೇ ಛಿದ್ರವಾದವು. ಅವರು ಗುಂಡಿನ ನಡುವೆ ತಾಮ್ರದ ಗೋಡೆ ಕಟ್ಟಿ 1948ರಲ್ಲಿ ಪಾರ್ಟಿಷನ್ ಎಂಬ ಗುಂಡನ್ನು ಮಾರುಕಟ್ಟೆಗೆ ತಂದರು. ಮುಂಭಾಗ ಅರಳುತ್ತದೆ, ಹಿಂಭಾಗ ಒಳಗೆ ನುಗ್ಗುತ್ತದೆ. ಅಂಥ ಗುಂಡು ಇರುವ ಕಾರ್ಖಾನೆಯ ತೋಟಾ ಈಗ ಸಿಗುತ್ತದೆ.

ತೋಟಾ ತುಂಬಿಸಿ ಹಣ ಉಳಿಸುವುದು ಹಾಲಿನ ಖರ್ಚು ಉಳಿಸಲು ಹಸು ಕಟ್ಟಿದವನ ಲೆಕ್ಕ. ಯಂತ್ರ, ಅಚ್ಚು, ತಕ್ಕಡಿಗೆ ನೂರಾರು ಡಾಲರ್. ವರ್ಷಕ್ಕೆ ಎರಡು ಡಬ್ಬ ತೋಟಾ ಹೊಡೆಯುವವನಿಗೆ ಅದು ಎಂದು ತೀರಬೇಕು? ಮೊದಲ ಎರಡು ವರ್ಷ ಆ ತಂಟೆಗೆ ಹೋಗಬೇಡಿ. ಆ ಹಣದಲ್ಲಿ ಮಂಡಿಯೂರಿ, ಮರಕ್ಕೆ ಒರಗಿ, ಏದುಸಿರು ಬಿಡುತ್ತಾ ಇನ್ನೂರು ಯಾರ್ಡ್‌ನ ತಟ್ಟೆಗೆ ಹೊಡೆಯುವುದನ್ನು ಕಲಿಯಿರಿ. ಆಮೇಲೂ ಆಸೆ ಉಳಿದರೆ ತುಂಬಿಸಿ. ಆದರೆ ಗುಂಡನ್ನು ಕೈಪಿಡಿಯ ಉದ್ದಕ್ಕೇ ಕೂರಿಸಿ. ಬೇಟೆಗೆ ಹೊರಡುವ ಮೊದಲು ಮೈದಾನದಲ್ಲಿ, ನಳಿಗೆಯನ್ನು ಗುರಿಯ ದಿಬ್ಬದತ್ತಲೇ ಹಿಡಿದು, ಒಯ್ಯುವ ಪ್ರತಿ ತೋಟಾವನ್ನೂ ಚೇಂಬರಿಗೆ ಹಾಕಿ ಹೊರತೆಗೆದು ನೋಡಿ. ಸರಳು ರೈಫಲ್ ಚೀಲದಲ್ಲೇ ಇರಲಿ.

ನೀವು ಕೇಳದ ಒಂದು ಮಾತು. ಎಚ್-1ಬಿ ವೀಸಾದವರು ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದು ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿ ಇದೆ. ಆದ್ದರಿಂದ ಮೊದಲು ಬೇಟೆ ಶಿಕ್ಷಣದ ತರಗತಿ, ಆಮೇಲೆ ಪರವಾನಗಿ, ಅದಾದ ಮೇಲೆ ರೈಫಲ್ ಅಂಗಡಿ. ಪರವಾನಗಿಯ ಅವಧಿ ಮುಗಿಯುವ ದಿನಾಂಕ ಬರೆದಿಟ್ಟುಕೊಳ್ಳಿ.

ಈ ವಿದ್ಯೆಯನ್ನು ಊರಿಗೆ ತಂದು ಹಂದಿ ಓಡಿಸುವ ಯೋಚನೆಯಿದ್ದರೆ ಅದನ್ನೂ ಬಿಡಿ. ಇಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ. ಬೆಳೆ ಹಾಳು ಮಾಡುವ ಹಂದಿಯನ್ನೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಪರವಾನಗಿ ಇಲ್ಲದೆ ಮನೆಯಲ್ಲಿ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಜೈಲಿನ ಅಪರಾಧ. ವಿಮಾನ ಹತ್ತುವ ಮೊದಲು ಬೇಟೆಗೆ ಹೋದ ಚೀಲ, ಜಾಕೆಟ್, ಪ್ಯಾಂಟಿನ ಜೇಬು ಎಲ್ಲವನ್ನೂ ತಿರುವಿ ಹಾಕಿ ಝಾಡಿಸಿ. ಮರೆತ ಒಂದು ತೋಟಾ ಸಾಕು, ಬೆಂಗಳೂರು ವಿಮಾನ ನಿಲ್ದಾಣದಿಂದ ದಾವಣಗೆರೆಯ ಬದಲು ಠಾಣೆಗೆ ಹೋಗುತ್ತೀರಿ. ನಾನು ಮೂರು ಸಲ ತಡಕಿದೆ. ಆದರೂ ನೆಮ್ಮದಿಯಾಗದೆ ಆ ಕಿತ್ತಳೆ ಬಣ್ಣದ ಜಾಕೆಟ್ಟನ್ನು ಸಹೋದ್ಯೋಗಿಯ ಮನೆಯಲ್ಲೇ ಬಿಟ್ಟು ಬಂದೆ.