ಹಂಚಿಕೊಂಡ ಗಿಟ್ ರೆಪೊಸಿಟರಿಗೆ 777 ಮದ್ದಲ್ಲ

ಗೋಣಿಕೊಪ್ಪಲಿನ ನಿಮ್ಮ ಸರ್ವರಿನಲ್ಲಿ ನಾಲ್ವರು ಸೇರಿ ಬಳಸುವ ಗಿಟ್ ರೆಪೊಸಿಟರಿಗೆ (ಕೋಡಿನ ಆವೃತ್ತಿಗಳನ್ನು ಕಾಯ್ದಿಡುವ ಭಂಡಾರ) ಪುಶ್ ಆಗುತ್ತಿರಲಿಲ್ಲ, ಅಂದರೆ ಬದಲಾವಣೆ ಕಳುಹಿಸಲಾಗುತ್ತಿರಲಿಲ್ಲವೆಂದೂ, ಇಡೀ ಡೈರೆಕ್ಟರಿಗೆ 777 ಅನುಮತಿ (ಎಲ್ಲರಿಗೂ ಓದಲು, ಬರೆಯಲು, ಓಡಿಸಲು ಬಿಡುವುದು) ಕೊಟ್ಟ ಮೇಲೆ ಸರಿಹೋಯಿತೆಂದೂ ಬರೆದಿದ್ದೀರಿ. ದಯವಿಟ್ಟು ಅದನ್ನು ಇಂದೇ ತೆಗೆಯಿರಿ. ಮಡಿಕೇರಿಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ಸರ್ವರಿನಲ್ಲೂ ಇದೇ ಉಪಾಯ ನಡೆದಿತ್ತು. ಕೆಲವು ದಿನ ಎಲ್ಲವೂ ಸುಗಮವಾಗಿದ್ದು, ಆಮೇಲೆ ಒಬ್ಬರ ಪುಶ್ ಹೋಗುವುದು, ಇನ್ನೊಬ್ಬರದು ನಿಲ್ಲುವುದು ಶುರುವಾಯಿತು.

ಗಿಟ್ ತಾನು ಉಳಿಸುವ ಪ್ರತಿಯೊಂದಕ್ಕೂ ಹ್ಯಾಶ್ ಎಂಬ ಗುರುತಿನ ಸಂಕೇತ ಕೊಡುತ್ತದೆ. ಆಬ್ಜೆಕ್ಟ್ಸ್ ಡೈರೆಕ್ಟರಿಯೊಳಗೆ ಅದು ಆ ಹ್ಯಾಶ್‌ನ ಮೊದಲ ಎರಡು ಅಕ್ಷರಗಳ ಹೆಸರಿನಲ್ಲಿ ಬೇಕಾದಾಗಲೆಲ್ಲ ಉಪಡೈರೆಕ್ಟರಿ ತೆರೆಯುತ್ತಾ ಹೋಗುತ್ತದೆ. ಇಂಥವು 256ರವರೆಗೆ ಆಗಬಹುದು. ತೆರೆದವರ ಯುಮಾಸ್ಕ್ (ಹೊಸದಾಗಿ ಹುಟ್ಟುವ ಫೈಲು, ಡೈರೆಕ್ಟರಿಗಳಿಂದ ಯಾವ ಅನುಮತಿ ಕಳೆಯಬೇಕೆಂಬ ಸೆಟ್ಟಿಂಗ್) 022 ಇದ್ದರೆ ಅದು 755 ಆಗಿಯೇ, ಅಂದರೆ ಒಡೆಯರು ಮಾತ್ರ ಬರೆಯಬಹುದಾದಂತೆ ಹುಟ್ಟುತ್ತದೆ, ನೀವು ಹಿಂದೆ ಕೊಟ್ಟ 777 ಅದಕ್ಕೆ ಅನ್ವಯಿಸುವುದಿಲ್ಲ. ಉಳಿದವರ ಹ್ಯಾಶ್ ಆ ಡೈರೆಕ್ಟರಿಗೇ ಬಿದ್ದಾಗ ಮಾತ್ರ ದೋಷ ಕಾಣಿಸುವುದರಿಂದ ಜನ ನೆಟ್‌ವರ್ಕನ್ನು ಬೈಯುತ್ತಾ ಕೂರುತ್ತಾರೆ. ಇದಕ್ಕಿಂತ ಗಂಭೀರ ವಿಷಯವೆಂದರೆ ಹುಕ್ಸ್, ಅಂದರೆ ಪುಶ್‌ನಂಥ ಸಂದರ್ಭಗಳಲ್ಲಿ ಗಿಟ್ ತಾನಾಗಿ ಓಡಿಸುವ ಸ್ಕ್ರಿಪ್ಟ್‌ಗಳು: ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಸುರಕ್ಷಿತವಾಗಿ ಸೇರುವ ವಿಧಾನ) ಮೂಲಕ ಪುಶ್ ಮಾಡಿದಾಗ ಅವು ಪುಶ್ ಮಾಡಿದವರ ಖಾತೆಯಲ್ಲಿಯೇ ಓಡುತ್ತವೆ. ಸರ್ವರಿನಲ್ಲಿ ಖಾತೆಯಿರುವ ಯಾರು ಬೇಕಾದರೂ ಅವನ್ನು ತಿದ್ದುವಂತೆ ಬಿಟ್ಟಿರುವುದು ಖಂಡಿತ ತಪ್ಪು.

ಸರ್ವರಿನಲ್ಲಿ ಒಂದು ಬಳಕೆದಾರರ ಗುಂಪು ಮಾಡಿ, ನಾಲ್ವರನ್ನೂ ‘ಯೂಸರ್‌ಮಾಡ್’ ಕಮಾಂಡಿನಿಂದ ಅದಕ್ಕೆ ಸೇರಿಸಿ. ಆಗ ಸಣ್ಣ ‘ಎ’ ಆಯ್ಕೆ ಮರೆತರೆ ಅವರು ಉಳಿದ ಗುಂಪುಗಳಿಂದ ಹೊರಬೀಳುತ್ತಾರೆ. ಸೇರಿಸಿದ ಮೇಲೆ ಎಲ್ಲರೂ ಲಾಗೌಟ್ ಆಗಿ ಬರಬೇಕು. ಇಡೀ ರೆಪೊಸಿಟರಿಯನ್ನು ಆ ಗುಂಪಿಗೆ ಒಪ್ಪಿಸಿ, ಡೈರೆಕ್ಟರಿಗಳಿಗೆಲ್ಲ 2770, ಫೈಲುಗಳಿಗೆ 660, ಬಳಕೆಯಲ್ಲಿರುವ ಹುಕ್‌ಗಳಿಗೆ ಮಾತ್ರ 750 ಕೊಡಿ. ಅನುಮತಿ ಬದಲಿಸುವಾಗ ದೊಡ್ಡ ‘ಎಕ್ಸ್’ ಬಳಸುವ ಅಡ್ಡದಾರಿ (ಡೈರೆಕ್ಟರಿಗಳಿಗೂ ಆಗಲೇ ಎಕ್ಸಿಕ್ಯೂಟಬಲ್, ಅಂದರೆ ಓಡಿಸಬಲ್ಲ, ಫೈಲುಗಳಿಗೂ ಮಾತ್ರ ಓಡಿಸುವ ಅನುಮತಿ ಕೊಡುವುದು) ಇಲ್ಲಿ ಕೆಲಸಕ್ಕೆ ಬಾರದು, ಏಕೆಂದರೆ 777 ಎಲ್ಲ ಫೈಲುಗಳನ್ನೂ ಆಗಲೇ ಎಕ್ಸಿಕ್ಯೂಟಬಲ್ ಮಾಡಿಬಿಟ್ಟಿದೆ. ಮೊದಲಿನ 2 ಎಂದರೆ ಸೆಟ್‌ಜಿಐಡಿ; ಒಳಗೆ ಹುಟ್ಟುವುದೆಲ್ಲ ಅದೇ ಗುಂಪಿಗೆ ಸೇರುವಂತೆ ಅದು ನೋಡಿಕೊಳ್ಳುತ್ತದೆ. ಆಮೇಲೆ ರೆಪೊಸಿಟರಿಯ ಸೆಟ್ಟಿಂಗ್ ಫೈಲಾದ ಕಾನ್ಫಿಗ್‌ನಲ್ಲಿ ‘ಕೋರ್.ಶೇರ್ಡ್‌ರೆಪೊಸಿಟರಿ’ಗೆ ‘ಗ್ರೂಪ್’ ಎಂದು ಬರೆಯಿರಿ. ಅಲ್ಲಿಂದ ಮುಂದೆ ಯಾರ ಯುಮಾಸ್ಕ್ ಏನೇ ಇರಲಿ, ಗುಂಪಿಗೆ ಬೇಕಾದ ಅನುಮತಿಯನ್ನು ಗಿಟ್ ತಾನೇ ಕೊಡುತ್ತದೆ. ಆದರೆ ಹಳೆಯ ಫೈಲುಗಳನ್ನು ಅದು ಮುಟ್ಟುವುದಿಲ್ಲ. ಆದ್ದರಿಂದಲೇ ಮೇಲಿನ ಕೆಲಸವನ್ನು ಬಿಡುವಂತಿಲ್ಲ.

ಆ ಡೈರೆಕ್ಟರಿಯಲ್ಲಿ ಸುಡೊ ಹಾಕಿ, ಅಂದರೆ ರೂಟ್ ಎಂಬ ಸರ್ವಾಧಿಕಾರದ ಖಾತೆಯಾಗಿ, ಗಿಟ್ ಓಡಿಸುವ ಅಭ್ಯಾಸವನ್ನೂ ಬಿಡಿ, ರೂಟ್ ಒಡೆತನದ ಫೈಲುಗಳು ಉಳಿಯುತ್ತವೆ. 2022ರಲ್ಲಿ ಬಂದ ಗಿಟ್‌ನ 2.35.2 ಆವೃತ್ತಿಯಿಂದ, ಬೇರೆಯವರ ಒಡೆತನದ ಡೈರೆಕ್ಟರಿಯೊಳಗೆ ನಿಂತು ಗಿಟ್ ಓಡಿಸಿದರೆ ಅದು ನಿರಾಕರಿಸುತ್ತದೆ, ಆಗ ಆ ಡೈರೆಕ್ಟರಿಯನ್ನು ನಂಬಬಹುದೆಂದು ತಿಳಿಸುವ ‘ಸೇಫ್.ಡೈರೆಕ್ಟರಿ’ಯನ್ನು ಅವರವರ ಗ್ಲೋಬಲ್ ಕಾನ್ಫಿಗ್‌ನಲ್ಲಿ ಬರೆಯಬೇಕು, ರೆಪೊಸಿಟರಿಯೊಳಗೆ ಬರೆದರೆ ನಡೆಯುವುದಿಲ್ಲ. ಜನ ಹೆಚ್ಚಾದರೆ ನನ್ನ ಆಯ್ಕೆ ಗಿಟೀ, ನಮ್ಮದೇ ಸರ್ವರಿನಲ್ಲಿ ರೆಪೊಸಿಟರಿಗಳನ್ನು ಬ್ರೌಸರಿನಿಂದ ನೋಡಿಕೊಳ್ಳುವ ತಂತ್ರಾಂಶ. ಅದರಲ್ಲಿ ಎಲ್ಲವೂ ಒಂದೇ ಖಾತೆಯ ಒಡೆತನದಲ್ಲಿರುವುದರಿಂದ ಈ ತಲೆನೋವೇ ಇಲ್ಲ. ಮಳೆಗಾಲದಲ್ಲಿ ಲೈನು ಹೋದಾಗ ರೆಪೊಸಿಟರಿಯನ್ನು ಪೆನ್‌ಡ್ರೈವಿಗೆ ಹಾಗೆಯೇ ನಕಲು ಮಾಡಿ ಒಯ್ಯಬೇಡಿ, ಪೆನ್‌ಡ್ರೈವುಗಳಲ್ಲಿರುವ ಎಕ್ಸ್‌ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಈ ಅನುಮತಿಗಳು ಉಳಿಯುವುದಿಲ್ಲ. ರೆಪೊಸಿಟರಿಯನ್ನು ಒಂದೇ ಫೈಲಾಗಿ ಕಟ್ಟುವ ‘ಗಿಟ್ ಬಂಡಲ್’ ಕಮಾಂಡ್ ಮಾಡಿದ ಆ ಫೈಲನ್ನು ಒಯ್ದರೆ ಸಾಕು.