ಹಳೆ ಗಾಡಿ, ಎರೆ ನೆಲ: ಓದುಗರು ಕೇಳಿದ್ದು, ನಾವು ಹೇಳಿದ್ದು

ನಂದು 1992ರ ಯಮಹಾ ಆರ್‌ಎಕ್ಸ್ 100 ಅದ. ಬೀದರ್ ಕೋಟಿ ನೋಡಲಿಕ್ಕ ಹೊಂಟ್ರ ಕಮಲಾಪುರ ದಾಟೂದ್ರಾಗ ಬಂದ್ ಬೀಳ್ತದ. ಕಾಲು ತಾಸು ನಿಲ್ಸಿದ್ರ ಮತ್ತ ಚಾಲೂ. ಮೆಕ್ಯಾನಿಕ್ ಮೂರು ಸಲ ಕಾರ್ಬೊರೇಟರ್ ತೊಳದಾನ. ಏನ್ ಮಾಡ್ಬೇಕ್ರಿ?
– ಓದುಗರೊಬ್ಬರು, ಕಲಬುರಗಿ

ಕಾರ್ಬೊರೇಟರನ್ನು ನಾಲ್ಕನೇ ಸಲ ತೊಳೆಸಬೇಡಿ. ಅದರೊಳಗೆ ಕಸವಿದ್ದರೆ ಗಾಡಿ ತಣ್ಣಗಿದ್ದಾಗಲೂ ಕಾಡಬೇಕಿತ್ತು. ಬಿಸಿಯಾದ ಮೇಲೆ ನಿಂತು, ತಣಿದ ಮೇಲೆ ಹೊರಡುತ್ತದೆ ಎಂದರೆ ಒಂದೋ ಪೆಟ್ರೋಲ್ ಇಳಿಯುತ್ತಿಲ್ಲ, ಇಲ್ಲವೇ ಕಿಡಿ ಸಾಯುತ್ತಿದೆ, ಇಲ್ಲವೇ ಪಿಸ್ಟನ್ ಬಿಸಿಗೆ ಸಿಲಿಂಡರಿನಲ್ಲಿ ಕಚ್ಚಿ ಹಿಡಿಯುತ್ತಿದೆ. ಯಾವುದೆಂದು ತಿಳಿಯುವುದು ಗಾಡಿ ನಿಂತ ಮೊದಲ ಎರಡು ನಿಮಿಷದಲ್ಲಿ ಮಾತ್ರ. ಚಹಾ ಕುಡಿದು ಬಂದು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಂಯ್ ಎಂದು ಗಾಳಿ ಒಳಗೆ ಹೋಗಿ, ಆಮೇಲೆ ಗಾಡಿ ಹೊರಟಿತೆಂದರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ಪೆಟ್ರೋಲ್ ಇಳಿದಷ್ಟು ಗಾಳಿ ಮೇಲಿನಿಂದ ಬರಬೇಕು. ಬಾರದಿದ್ದರೆ ಒಳಗೆ ನಿರ್ವಾತವಾಗಿ ಹರಿವು ನಿಲ್ಲುತ್ತದೆ. ಸಣ್ಣ ತಂತಿಯಿಂದ ರಂಧ್ರ ಬಿಡಿಸಿದರೆ ಮುಗಿಯಿತು. ಸುಂಯ್ ಸದ್ದು ಬರಲಿಲ್ಲವೇ? ಕಾರ್ಬೊರೇಟರ್ ಕಡೆಯ ಪೈಪ್ ಕಳಚಿ, ತುದಿಯನ್ನು ಬಾಟಲಿಗಿಟ್ಟು ಕಾಕ್ ತೆರೆಯಿರಿ. ಒಂದೇ ಸಮನೆ ಧಾರೆ ಬೀಳಬೇಕು. ಮೊದಲು ಜೋರಾಗಿ ಬಿದ್ದು ನಿಮಿಷದೊಳಗೆ ತೊಟ್ಟಿಕ್ಕಲು ಶುರುವಾದರೆ ಕಾಕ್‌ನ ಜಾಲರಿಯಲ್ಲಿ ಟ್ಯಾಂಕಿನ ತುಕ್ಕು ಕೂತಿದೆ.

ಪೆಟ್ರೋಲ್ ಸರಿಯಿದ್ದರೆ ಪೈಪ್ ಕೂಡಿಸಿ, ಕಾಕ್ ಮುಚ್ಚಿ, ಚೆಲ್ಲಿದ್ದನ್ನು ಒರೆಸಿ, ಬಾಟಲಿಯನ್ನು ದೂರ ಇಡಿ. ಆಮೇಲೆ ಪ್ಲಗ್ ಬಿಚ್ಚಿ. ಪ್ಲಗ್ಗನ್ನು ಕ್ಯಾಪಿಗೇ ಸಿಕ್ಕಿಸಿ, ಕ್ಯಾಪಿನ ರಬ್ಬರ್ ಹಿಡಿದು, ಪ್ಲಗ್ಗಿನ ಲೋಹದ ಮೈಯನ್ನು ಸಿಲಿಂಡರಿನ ರೆಕ್ಕೆಗೆ ತಾಗಿಸಿ ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ಗೇಣು ದೂರ ಇರಲಿ. ಚಟ್ ಎನ್ನುವ ನೀಲಿ ಕಿಡಿ ಬಂದರೆ ಸರಿ. ಹಳದಿ, ಸಣಕಲು ಕಿಡಿ ಬಂದರೆ ಅಥವಾ ಕಿಡಿಯೇ ಇಲ್ಲದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ. ಆಗಲೂ ಹಾಗೇ ಇದ್ದರೆ ಕಾಯಿಲ್ ಕಡೆ ಹೋಗಿ. ಟ್ಯಾಂಕಿನಡಿಯ, ಪ್ಲಗ್ಗಿಗೆ ಕಿಡಿ ಕಳಿಸುವ ಎಚ್‌ಟಿ ಕಾಯಿಲ್ ಇರಬಹುದು, ಮ್ಯಾಗ್ನೆಟ್ ಒಳಗಿನದೂ ಇರಬಹುದು. ಹಳೆ ಸುರುಳಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ತಂಪಿನಲ್ಲಿ ಕೂಡಿರುತ್ತದೆ, ಬಿಸಿಗೆ ಹಿಗ್ಗಿ ಬಿಡುತ್ತದೆ. ಮನೆಯಲ್ಲಿ, ಗಾಡಿ ತಣ್ಣಗಿರುವಾಗ, ಮಲ್ಟಿಮೀಟರಿನಿಂದ ಕಾಯಿಲಿನ ಓಮ್ (ವಿದ್ಯುತ್ ತಡೆ) ಅಳೆದು ಬರೆದಿಡಿ, ನಿಂತಾಗ ಮತ್ತೆ ಅಳೆಯಿರಿ. ಅಂಕಿ ಬಹಳ ಏರಿದ್ದರೆ ಅಥವಾ ಓಪನ್ (ಒಳಗಿನ ತಂತಿ ಕಡಿದಿದೆ) ಎಂದು ತೋರಿಸಿದರೆ ಕಾಯಿಲ್ ಬದಲಿಸದೆ ಬೇರೆ ದಾರಿಯಿಲ್ಲ.

ನಿಲ್ಲುವ ಮೊದಲು ಯಾರೋ ಬ್ರೇಕ್ ಹಿಡಿದಂತೆ ಗಾಡಿ ಎಳೆಯುತ್ತದೆಯೇ? ಹಾಗಿದ್ದರೆ ಅದು ಪಿಸ್ಟನ್ ಹಿಡಿಯುವ ಲಕ್ಷಣ. ತಕ್ಷಣ ಕ್ಲಚ್ ಒತ್ತಿ ಬದಿಗೆ ತನ್ನಿ. ಆಯಿಲ್ ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾಗಿದ್ದರೆ ಪಂಪಿನ ಪೈಪಿನಲ್ಲಿ ಗಾಳಿ ಗುಳ್ಳೆ ಸೇರಿರುತ್ತದೆ. ಆಮೇಲೆ ಎಷ್ಟು ಆಯಿಲ್ ತುಂಬಿದರೂ ಅದು ಎಂಜಿನ್ ತಲುಪುವುದಿಲ್ಲ. ಪಂಪಿನ ಗಾಳಿ ತೆಗೆಯುವ ಸ್ಕ್ರೂ ಸಡಿಲಿಸಿ, ಗುಳ್ಳೆಯಿಲ್ಲದ ಆಯಿಲ್ ಬರುವತನಕ ಬಿಡಿ. ಅಂಥ ಕೆಲಸ ಮಾಡಿದ ದಿನ ಪೆಟ್ರೋಲ್ ಟ್ಯಾಂಕಿಗೂ ಲೀಟರಿಗೆ 20 ಮಿಲಿ 2ಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿರಬೇಕು. ಪ್ಲಗ್ಗಿನ ತುದಿ ಹುರಿದ ಶೇಂಗಾ ಸಿಪ್ಪೆಯ ಬಣ್ಣಕ್ಕಿದ್ದರೆ ಒಳ್ಳೆಯದು. ಸುಣ್ಣದಂತೆ ಬಿಳಿಯಿದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ. ಎಂಜಿನ್ ಕಾಯುತ್ತದೆ, ಪಿಸ್ಟನ್ ಹಿಡಿಯುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಇರುವುದರಿಂದ ಹಳೆ ಕಾರ್ಬೊರೇಟರಿನಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಅದೇ ಎಥನಾಲ್ ಹಳೆ ರಬ್ಬರ್ ಪೈಪನ್ನೂ ಉಬ್ಬಿಸುತ್ತದೆ. ಮೂವತ್ತು ವರ್ಷದ ಪೈಪ್ ಇನ್ನೂ ಇದ್ದರೆ ಇವತ್ತೇ ಬದಲಿಸಿ.

ಕಾಯುವುದು ಕಮಲಾಪುರದಲ್ಲೇ ಆದರೆ ಕೆಂಪು ಬಾಳೆಹಣ್ಣಿಗೆ ಅದಕ್ಕಿಂತ ಒಳ್ಳೆಯ ಊರಿಲ್ಲ.

ಭೀಮಾ ನದಿ ದಂಡೆಯಲ್ಲಿ ಟೆಂಟ್ ಹಾಕಿ ಮಲಗಬೇಕೆಂಬ ಆಸೆ. ಸನ್ನತಿ ನೋಡಿಕೊಂಡು ಅಲ್ಲೇ ಎಲ್ಲಾದರೂ ಇಳಿಯಬಹುದೇ?
– ಓದುಗರು, ಯಾದಗಿರಿ

ಸನ್ನತಿ, ಕನಗನಹಳ್ಳಿಯನ್ನು ಹಗಲಲ್ಲಿ ನೋಡಿ. ‘ರಾಯೊ ಅಶೋಕ’ ಎಂದು ಬರಹವಿರುವ ಶಿಲ್ಪ ಸಿಕ್ಕಿದ್ದು ಕನಗನಹಳ್ಳಿಯ ಸ್ತೂಪದಲ್ಲೇ. ಸ್ಮಾರಕದ ಆವರಣದಲ್ಲಿ ರಾತ್ರಿ ಉಳಿಯುವಂತಿಲ್ಲ.

ನದಿಯ ಪಾತ್ರದಲ್ಲಿ, ಮರಳಿನ ಮೇಲೆ ಎಂದೂ ಮಲಗಬೇಡಿ. ಭೀಮೆಯ ನೀರು ಇಲ್ಲಿಯ ಆಕಾಶ ನೋಡಿ ಬರುವುದಿಲ್ಲ. ಮೇಲೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ, ಆಮೇಲೆ ಸೊನ್ನ ಬ್ಯಾರೇಜಿನಿಂದ ಬಿಟ್ಟರೆ ನಕ್ಷತ್ರ ಕಾಣುವ ರಾತ್ರಿಯಲ್ಲೂ ನದಿ ಏರುತ್ತದೆ. ತಿಂಥಣಿ ಕಡೆ ಕೃಷ್ಣೆಗೂ ಇದೇ ಮಾತು. ಅಲ್ಲಿ ನೀರು ಬಿಡುವುದು ನಾರಾಯಣಪುರ ಅಣೆಕಟ್ಟೆಯಿಂದ. ದಂಡೆಯಿಂದ ಮೇಲಕ್ಕೆ ಬಂದು, ಊರಿಗೆ ಕಾಣುವ ಜಾಗದಲ್ಲಿ, ಹೊಲದವರನ್ನು ಕೇಳಿ ಇಳಿಯಿರಿ. ಕೇಳಿದರೆ ಬಹುತೇಕರು ಬೇಡ ಅನ್ನುವುದಿಲ್ಲ, ಬಾವಿ ಎಲ್ಲಿದೆ ಅಂತಲೂ ತೋರಿಸುತ್ತಾರೆ.

ಜಾಗ ಆರಿಸುವಾಗ ಎರೆ (ಕಪ್ಪು ಮಣ್ಣಿನ) ಹೊಲ ಬಿಟ್ಟು ಮಡ್ಡಿ (ಗಟ್ಟಿ ಕಲ್ಲು ನೆಲ) ಅಥವಾ ಮಸಾರಿ (ಕೆಂಪು ಮಣ್ಣಿನ) ನೆಲ ಹುಡುಕಿ. ಒಣಗಿದ ಎರೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಗೂಟ ಹಿಡಿಯುವುದಿಲ್ಲ. ಹಸಿಯಾದರೆ ಬೆಣ್ಣೆಯಲ್ಲಿ ನೆಟ್ಟಂತೆ ಕಿತ್ತು ಬರುತ್ತದೆ. ಟೆಂಟಿನ ಜೊತೆ ಬರುವ ಗೇಣುದ್ದದ ಗೂಟಗಳು ಇಲ್ಲಿ ಆಟಿಕೆ. ಬೇರೆ ಜಾಗವಿಲ್ಲದಿದ್ದರೆ ನಾಲ್ಕು ಪ್ಲಾಸ್ಟಿಕ್ ಚೀಲಕ್ಕೆ ಮಣ್ಣು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತುಬಿಡಿ. ಬೀದರ್ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಕಥೆ ಉಲ್ಟಾ. ಅಲ್ಲಿ ಗೂಟವೇ ಬಾಗುತ್ತದೆ, ದೊಡ್ಡ ಕಲ್ಲಿಗೆ ಹಗ್ಗ ಸುತ್ತುವುದೇ ಸರಿ. ಕಲ್ಲೆತ್ತುವಾಗ ಬೆರಳನ್ನು ಅಡಿಗೆ ತೂರಿಸಬೇಡಿ, ಕಟ್ಟಿಗೆಯಿಂದ ಮಗುಚಿ. ಚೇಳು ಇರುವುದು ಅಲ್ಲೇ. ಬೆಳಿಗ್ಗೆ ಬೂಟು ಕೊಡವಿಯೇ ಹಾಕಿ.

ಗಾಡಿಗೂ ಹಾಸಿಗೆ ಬೇಕು. ಅಂಗೈಯಗಲದ ಶಹಾಬಾದ್ ಪರಸಿ ಕಲ್ಲಿನ ತುಂಡೊಂದನ್ನು ಚೀಲದಲ್ಲಿಟ್ಟುಕೊಂಡು ಸೈಡ್ ಸ್ಟ್ಯಾಂಡ್ ಅಡಿಗೆ ಕೊಡಿ. ಇಲ್ಲದಿದ್ದರೆ ಇಬ್ಬನಿಗೆ ನೆಲ ಮೆತ್ತಗಾಗಿ ನಡುರಾತ್ರಿ ಗಾಡಿ ಟೆಂಟಿನ ಮೇಲೆಯೇ ಬೀಳಬಹುದು. ಪೆಟ್ರೋಲ್ ಕಾಕ್ ಮುಚ್ಚಿಯೇ ಮಲಗಿ. ಕಾರ್ಬೊರೇಟರಿಗೆ ಬರುವ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಸವೆದ ಗಾಡಿಯಲ್ಲಿ ರಾತ್ರಿಯಿಡೀ ಪೆಟ್ರೋಲ್ ಒಳಗೆ ಸೋರಿ, ಫೋರ್ ಸ್ಟ್ರೋಕ್ ಆದರೆ ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲಿಗೆ ಪೆಟ್ರೋಲ್ ವಾಸನೆಯಿದ್ದರೆ ಅದನ್ನು ಬದಲಿಸುವವರೆಗೆ ಚಾಲೂ ಮಾಡಬೇಡಿ.

ನಡುವೆ ಮಳೆ ಬಂದರೆ ಎರೆ ಹಾದಿಯಲ್ಲಿ ಹೊರಡುವ ಸಾಹಸ ಬೇಡ. ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿಯೇ ತಿರುಗುವುದಿಲ್ಲ. ಆಗ ಆಕ್ಸಿಲೇಟರ್ ಕೊಟ್ಟರೆ ಸುಡುವುದು ಕ್ಲಚ್ ಪ್ಲೇಟ್. ಬಿಸಿಲು ಬಿದ್ದು ಮೇಲ್ಪದರ ಒಣಗುವವರೆಗೆ ಕಟಕ್ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತ ಕೂತಿರಿ.

ಸ್ಪ್ಲೆಂಡರ್ ಮೇಲೆ ಗಂಡ ಹೆಂಡತಿ ಇಬ್ಬರೂ ಟೆಂಟ್, ಒಲೆ ಸಮೇತ ಹೋಗಬಹುದೇ?
– ಓದುಗರು, ಹುಮನಾಬಾದ್

ಹೋಗುವವರಿದ್ದಾರೆ, ಆದರೆ ನಮ್ಮ ಸಲಹೆ ‘ಬೇಡ’ ಎಂದೇ. 100 ಸಿಸಿ ಗಾಡಿ ಹೊರುವ ಮಿತಿ ಸುಮಾರು 130 ಕೆಜಿ. ತಲಾ 65 ಕೆಜಿಯ ಇಬ್ಬರು ಕೂತರೆ ಲೆಕ್ಕ ಅಲ್ಲಿಗೇ ಮುಗಿಯಿತು. ಎರಡು ಗಾಡಿ ಮಾಡಿಕೊಳ್ಳಿ, ಇಲ್ಲವೇ ಟೆಂಟ್ ಬಿಟ್ಟು ಬಸವಕಲ್ಯಾಣದಲ್ಲಿ ರೂಮು ಹಿಡಿಯಿರಿ. ಒಬ್ಬರೇ ಆದರೆ ನೀರಿನ ಕ್ಯಾನುಗಳನ್ನು ಎರಡೂ ಬದಿಗೆ ತಗ್ಗಿನಲ್ಲಿ, ಹಿಂದಿನ ಅಚ್ಚಿಗಿಂತ ಮುಂದೆ ಬರುವಂತೆ ಕಟ್ಟಿ. ಹಗುರಾದ ಹಾಸಿಗೆ ಮೇಲಿರಲಿ. ಭಾರವೆಲ್ಲ ಹಿಂದಿನ ಕ್ಯಾರಿಯರ್ ಮೇಲೆ ಹೇರಿದರೆ ಮುಂದಿನ ಗಾಲಿ ಹಗುರಾಗಿ ಹ್ಯಾಂಡಲ್ ಅಲ್ಲಾಡುತ್ತದೆ. ಹಿಂದಿನ ಟೈರಿಗೆ, ಇಬ್ಬರು ಕೂತಾಗ ಎಷ್ಟು ಗಾಳಿ ಎಂದು ಸ್ಟಿಕ್ಕರಿನಲ್ಲಿದೆಯೋ ಅಷ್ಟನ್ನು ತಣ್ಣಗಿರುವಾಗಲೇ ಹಾಕಿಸಿ. ಚೈನ್ ಸಡಿಲವನ್ನು ಸಾಮಾನು ಹೇರಿ, ಮೇಲೆ ಕೂತ ಬಳಿಕ ಮತ್ತೊಮ್ಮೆ ನೋಡಿ. ಖಾಲಿ ಗಾಡಿಯಲ್ಲಿ ಬಿಗಿಯಾಗಿ ಕಟ್ಟಿದ ಚೈನ್ ಭಾರಕ್ಕೆ ತಂತಿಯಾಗುತ್ತದೆ.

ಹಳೆ ಯೆಜ್ಡಿ ಬೈಕಿಗೆ ಯಾವ ಸ್ಪೇರ್ ಒಯ್ಯಬೇಕು?
– ಓದುಗರು, ಸೇಡಂ

ಪ್ಲಗ್ ಎರಡು, ಪ್ಲಗ್ ಪಾನಾ, ಸಿಬಿ ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿಯುವ ಕಾಂಟ್ಯಾಕ್ಟ್ ಬ್ರೇಕರ್) ಮತ್ತು ಕಂಡೆನ್ಸರ್, ಚೈನ್ ಲಾಕ್, ಟ್ಯೂಬ್, ಪಂಕ್ಚರ್ ಸಾಮಾನು, ಬಲ್ಬ್, ಫ್ಯೂಜ್, ಕಟ್ಟುವ ತಂತಿ. ಚೈನ್ ಲಾಕಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೇ ಇರಬೇಕು. ಹೊಸ ಕ್ಲಚ್ ಕೇಬಲನ್ನು ಹಳೆಯದರ ಪಕ್ಕದಲ್ಲೇ ಮೊದಲೇ ಎಳೆದಿಟ್ಟರೆ, ಕಡಿದಾಗ ಐದು ನಿಮಿಷದ ಕೆಲಸ. ಪಾಯಿಂಟ್ ಅಂತರ 0.35ರಿಂದ 0.40 ಮಿಮೀ. ಫೀಲರ್ ಗೇಜ್ ಮರೆತಿದ್ದರೆ ದಪ್ಪನೆಯ ವಿಸಿಟಿಂಗ್ ಕಾರ್ಡ್ ಊರು ಮುಟ್ಟಿಸುತ್ತದೆ. ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಅಳೆಯಲು 50 ಮಿಲಿ ಸಿರಿಂಜ್ ಇಟ್ಟುಕೊಳ್ಳಿ: 1:25 ಅಂದರೆ ಲೀಟರಿಗೆ 40 ಮಿಲಿ, 1:33 ಅಂದರೆ 30. ಸೇಡಂ, ಮಳಖೇಡದ ಸಿಮೆಂಟ್ ಲಾರಿಗಳ ಹಿಂದೆ ಓಡಿದ ದಿನ ಸಂಜೆಯೇ ಏರ್ ಫಿಲ್ಟರ್ ಝಾಡಿಸಿ.

ಚಿಂಚೋಳಿ ಕಾಡಿನಲ್ಲಿ ಬೆಂಕಿ ಹಾಕಿಕೊಂಡು ರಾತ್ರಿ ಕಳೆಯಬಹುದೇ?
– ಓದುಗರು, ಬೀದರ್

ಇಲ್ಲ. 2011ರಿಂದ ಅದು ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಉಳಿಯುವಂತಿಲ್ಲ. ಒಣ ಎಲೆಯುದುರುವ ಕಾಡು, ಒಂದು ಕಿಡಿ ಸಾಕು. ಚಂದ್ರಂಪಳ್ಳಿ ಕೆರೆ ನೋಡಿ ಬೆಳಕಿರುವಾಗಲೇ ಹೊರಬನ್ನಿ.

ಡಿಸೆಂಬರಿನಲ್ಲಿ ಹೊರಟಿದ್ದೇವೆ. ರಸ್ತೆಯಲ್ಲಿ ಏನು ಜಾಗ್ರತೆ?
– ಗೆಳೆಯರ ಬಳಗ, ಶಹಾಪುರ

ಹವಾಮಾನಕ್ಕೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ಬೀದರಿನಲ್ಲಿ ರಾತ್ರಿ ಹತ್ತು ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ, ಕಂಬಳಿ ಇರಲಿ. ಭಾಲ್ಕಿ, ಹುಮನಾಬಾದ್ ಕಡೆ ಕಬ್ಬಿನ ಟ್ರ್ಯಾಕ್ಟರುಗಳು ಓಡುವ ಕಾಲವದು. ಎರಡೆರಡು ಟ್ರೇಲರ್, ಹಿಂದೆ ದೀಪವಿಲ್ಲ. ಹಳೆ ಗಾಡಿಯ ಮಂಕು ಬೆಳಕಿಗೆ ಅವು ಕಾಣುವಷ್ಟರಲ್ಲಿ ಹತ್ತಿರ ಬಂದಿರುತ್ತವೆ. ಆದ್ದರಿಂದ ಆರು ಗಂಟೆಯೊಳಗೆ ಇಳಿಯುವ ಜಾಗ ಮುಟ್ಟಿ.

ಇನ್ನೊಂದು, ತೊಗರಿ ರಾಶಿ. ಒಳರಸ್ತೆಗಳಲ್ಲಿ ತೊಗರಿ ಕಟ್ಟಿಗೆಯನ್ನು ಡಾಂಬರಿನ ಮೇಲೇ ಹರವಿರುತ್ತಾರೆ. ಅದರ ಮೇಲೆ ಬ್ರೇಕ್ ಹಿಡಿದರೆ ಗಾಡಿ ಜಾರುತ್ತದೆ. ವೇಗವನ್ನು ಮೊದಲೇ ಇಳಿಸಿ, ಹ್ಯಾಂಡಲ್ ನೆಟ್ಟಗಿಟ್ಟು ದಾಟಿ. ದಾಟಿದ ಮೇಲೆ ನಿಂತು ಹಿಂದಿನ ಸ್ಪ್ರಾಕೆಟ್ಟಿಗೆ ಸುತ್ತಿದ ದಂಟು ಬಿಡಿಸಿ. ಸೈಲೆನ್ಸರಿಗೆ ಸಿಕ್ಕಿದ ಒಣ ಎಲೆಯನ್ನೂ ಕೋಲಿನಿಂದ ತೆಗೆಯಿರಿ, ಕೈಯಿಂದ ಬೇಡ.